ನನಗೊಬ್ಬನಿಗೆ ಹೇಳಿದರೆ ಸಾಕು

ಆ ರಂಜಾನಿನಲ್ಲಿ ಒಂದು ಚಿಂತೆ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ದಿನಚರಿ ಬರೆಯಲು ಕೂತರೂ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಬರೆದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ. ನನಗೆ ನಾನೇ ಮೆಲ್ಲಗೆ ಹೇಳಿಕೊಂಡಿದ್ದು ಇಷ್ಟು: ನನ್ನ ತಂಗಿಗೆ ಅವಳ ಕೋಚ್ ಗುಟ್ಟಾಗಿ ಮೆಸೇಜ್ ಕಳಿಸುತ್ತಿದ್ದಾನೆ.

ನಾನು ಬೇಕಂತ ನೋಡಿದ್ದಲ್ಲ. ಒಲೆಯ ಮೇಲೆ ಇಫ್ತಾರಿನ ಸೂಪು, ಶೋರ್ಬಾ, ಕುದಿಯುತ್ತಿತ್ತು. ತಂಗಿ ಶೀರಾಜ್ ತನ್ನ ಫೋನನ್ನು ಮಸಾಲೆ ಡಬ್ಬಿಗಳ ಪಕ್ಕ ಇಟ್ಟು ಆಟದ ಬೂಟು ಹುಡುಕಲು ಹೋಗಿದ್ದಳು. ಫೋನು ಗುಂಯ್ ಅಂತು. ಕಣ್ಣು ಅತ್ತ ಹೋಯಿತು. ಹ್ಯಾಂಡ್‌ಬಾಲ್ ಕಲಿಸುವ ಶುಕ್ರಿಯ ಹೆಸರು. ಊರೆಲ್ಲ ಮರ್ಯಾದೆಯಿಂದ ಅವರನ್ನು ಸಿ ಶುಕ್ರಿ ಅನ್ನುತ್ತದೆ. ಹೆಸರಿನ ಕೆಳಗೆ ಹೀಗಿತ್ತು: "ಇವತ್ತು ಉಪವಾಸ ಇದ್ದೀಯಾ, ಇಲ್ವಾ? ನನಗೊಬ್ಬನಿಗೆ ಹೇಳಿದ್ರೆ ಸಾಕು. ಬೇರೆ ಯಾರಿಗೂ ಗೊತ್ತಾಗೋದು ಬೇಡ."

ಸೌಟು ಕೈಯಲ್ಲೇ ನಿಂತಿತು.

ನಮ್ಮಲ್ಲಿ ಯಾವ ಗಂಡಸೂ ಯಾವ ಹೆಣ್ಣನ್ನೂ ಕೇಳದ ಪ್ರಶ್ನೆ ಅದು. ಮುಟ್ಟಾದ ದಿನಗಳಲ್ಲಿ ಹೆಂಗಸರು ಉಪವಾಸ ಹಿಡಿಯುವಂತಿಲ್ಲ. ಹಾಗಂತ ಎಲ್ಲರೆದುರು ಕೂತು ಉಣ್ಣುವುದೂ ಇಲ್ಲ. ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿ, ಗೋಡೆಯ ಕಡೆ ಮುಖ ಮಾಡಿ ನಾಲ್ಕು ತುತ್ತು ನುಂಗುತ್ತೇವೆ. ನಮ್ಮ ಅಪ್ಪ, ಬಾಬಾ, ಆ ತಿಂಗಳು ಪೂರ್ತಿ ಅಡುಗೆಮನೆಗೆ ಬರುವ ಮುಂಚೆ ಹಜಾರದಲ್ಲೇ ಕೆಮ್ಮುತ್ತಾರೆ. ಕಂಡರೂ ಕಾಣದ ಹಾಗಿರುವುದೇ ಗಂಡಸರ ಮರ್ಯಾದೆ. "ಉಪವಾಸ ಇಲ್ವಾ?" ಎಂದು ಹುಡುಗಿಯನ್ನು ಕೇಳುವುದೂ "ಮುಟ್ಟಾಗಿದ್ದೀಯಾ?" ಎಂದು ಕೇಳುವುದೂ ಒಂದೇ.

ಹದಿನಾರರ ಹುಡುಗಿಯನ್ನು ನಲವತ್ತು ದಾಟಿದ ಗಂಡಸು ಇದನ್ನು ಕೇಳುತ್ತಾನೆ. ಮೇಲಿಂದ, ಯಾರಿಗೂ ಗೊತ್ತಾಗೋದು ಬೇಡ ಅನ್ನುತ್ತಾನೆ. ಮನಸ್ಸಿನಲ್ಲಿ ನಾನು ಸಿ ಶುಕ್ರಿಯನ್ನು ಆಗಲೇ ಏಕವಚನಕ್ಕೆ ಇಳಿಸಿಬಿಟ್ಟಿದ್ದೆ.

"ಯಾಕೆ ಹಾಗೆ ನಿಂತಿದ್ದೀಯ? ತಳ ಹಿಡೀತಿದೆ ನೋಡು," ಅನ್ನುತ್ತ ಶೀರಾಜ್ ಒಳಗೆ ಬಂದಳು. ಫೋನು ತೆಗೆದುಕೊಂಡಳು, ಓದಿದಳು, ಏನೋ ಒತ್ತಿ ಬೋರಲು ಹಾಕಿದಳು.

"ಯಾರು?" ಅಂದೆ.

"ಯಾರಿಲ್ಲ. ಟೀಮಿಂದು."

ಅವಳು ಸುಳ್ಳು ಹೇಳುವಾಗ ಕಿವಿ ಕೆರೆದುಕೊಳ್ಳುತ್ತಾಳೆ. ಈಗಲೂ ಕೆರೆದುಕೊಂಡಳು.

ನಾನು ಮಾತಿನವಳಲ್ಲ. ಮೊನಸ್ತೀರ್ ನಗರದಲ್ಲಿ ಪದವಿ ಮುಗಿಸಿ ಕೆಲಸಕ್ಕೆ ಕಾಯುತ್ತ, ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿಕೊಂಡಿರುವವಳು. ನೆಂಟರು ಬಂದರೆ ಖಾಲಿ ತಟ್ಟೆ ಎತ್ತುವ ನೆಪದಲ್ಲಿ ಒಳಗೆ ಸೇರಿಕೊಳ್ಳುವವಳು. "ನಮ್ಮ ರಿಹಾಬ್ ಖರ್ಜೂರದ ಬೀಜವನ್ನೂ ಸದ್ದಿಲ್ಲದೆ ಉಗೀತಾಳೆ" ಎಂದು ಅಮ್ಮ, ನಮ್ಮ ಉಮ್ಮಿ, ಆಡಿಕೊಳ್ಳುತ್ತಾಳೆ. ಹಾಗಾಗಿ ನಾನು ಕೇಳಲಿಲ್ಲ, ಕಾದು ನೋಡತೊಡಗಿದೆ.

ಮರುದಿನ ಶೀರಾಜ್ ಮರೆತು ಹೋದ ಜಾಕೆಟ್ಟನ್ನು ಕೊಡುವ ನೆಪ ಮಾಡಿಕೊಂಡು ಆಟದ ಹಾಲ್‌ಗೆ ಹೋದೆ. ರಂಜಾನಿನಲ್ಲಿ ಹುಡುಗರಿಗೆ ಇಫ್ತಾರ್ ಆದಮೇಲಿನ ಹೊತ್ತು. ಉಂಡು, ನೀರು ಕುಡಿದು, ನಗುತ್ತ ಬರುತ್ತಾರೆ. ಕತ್ತಲಾದ ಮೇಲೆ ಹುಡುಗಿಯರನ್ನು ಯಾವ ಮನೆಯವರೂ ಕಳಿಸುವುದಿಲ್ಲ. ಹಾಗಾಗಿ ಅವರ ಪಾಲಿಗೆ ಉಳಿದಿರುವುದು ಇಫ್ತಾರಿಗೆ ಮುಂಚಿನ ಹೊತ್ತು, ನಾಲಿಗೆ ಅಂಗುಳಕ್ಕೆ ಅಂಟುವ ಹೊತ್ತು.

ಮೆಟ್ಟಿಲ ಮೇಲೆ ಕೂತು ನೋಡಿದೆ. ಸಿ ಶುಕ್ರಿ ಚೆಂಡು ಇಡುವ ಕೋಣೆಯ ಬಾಗಿಲ ಬಳಿ ನಿಂತು ಹುಡುಗಿಯರನ್ನು ಒಬ್ಬೊಬ್ಬಳನ್ನೇ ಕರೆಯುತ್ತಿದ್ದರು. ತಲೆ ಬಗ್ಗಿಸಿ, ದನಿ ತಗ್ಗಿಸಿ ಏನೋ ಕೇಳುತ್ತಿದ್ದರು. ಹುಡುಗಿ ನೆಲ ನೋಡಿಕೊಂಡು ತಲೆ ಆಡಿಸುತ್ತಿದ್ದಳು. ಶೀರಾಜ್‌ಳ ಸರದಿ ಬಂತು. ಅವಳು ಒಂದು ಮಾತು ಹೇಳಿದಳು. ಅವರು ಅವಳ ಮುಖವನ್ನೇ ನೋಡುತ್ತ ನಿಂತರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಹೀಗೆ ನೋಡುವುದು ಯಾಕೆ? ಎಲ್ಲರೆದುರು ಕೇಳಲಾಗದಂಥ ಮಾತು ಯಾವುದು?

ಆಮೇಲೆ ಶೀರಾಜ್ ಓಡಿದಳು, ಎಲ್ಲರ ಜೊತೆ, ಪೂರ್ತಿ. ಆ ದಿನ ಅವಳಿಗೆ ಉಪವಾಸ ಇರಲಿಲ್ಲ. ಅದು ನನಗೆ ಗೊತ್ತಿತ್ತು, ನಾವು ಮಲಗುವುದು ಒಂದೇ ಕೋಣೆಯಲ್ಲಿ. ಆದರೂ ಅವಳು ಒಂದು ಗುಟುಕು ನೀರು ಕುಡಿಯಲಿಲ್ಲ. ಆಟದ ನಡುವೆ ಒಮ್ಮೆ ಗೋಲಿನ ಕಂಬ ಹಿಡಿದು ಕಣ್ಣು ಮುಚ್ಚಿದಳು. ಸಿ ಶುಕ್ರಿ ಹತ್ತಿರ ಹೋದರು. ಅವಳು ಬೇಡ ಎನ್ನುವಂತೆ ತಲೆ ಆಡಿಸಿ ದೂರ ಸರಿದಳು.

ಮನೆಗೆ ಬರುವಾಗ ಕೇಳಿದೆ, "ಆ ಕೋಣೆ ಬಾಗಿಲ ಹತ್ರ ಏನು ಮಾತು?"

"ಯಾರದು?"

"ನಿಮ್ಮ ಕೋಚ್‌ದು."

"ಆಟದ ಮಾತು ಕಣೇ."

ಆಟದ ಮಾತನ್ನು ಪಿಸುಗುಟ್ಟಬೇಕಾ? ಇದನ್ನು ಕೇಳಿದ್ದು ಮನಸ್ಸಿನಲ್ಲಿ.

ನಾನು ಮುಚ್ಚಿಟ್ಟುಕೊಂಡಿದ್ದನ್ನು, ನಾವು ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಎದುರುಮನೆಯ ಜಲೀಲಾ ಬಯಲಿಗೆ ತಂದಳು. ಅವಳ ಮಗಳು ಮಲಾಕ್ ಅದೇ ತಂಡದ ಗೋಲ್‌ಕೀಪರ್. ಉಮ್ಮಿ ಬಟ್ಟೆ ಕಾರ್ಖಾನೆಯಿಂದ ಆಗಷ್ಟೇ ಬಂದು ಬ್ರೀಕ್ ಮಡಿಸಲು ಕೂತಿದ್ದಳು. ತೆಳು ಹಾಳೆಯೊಳಗೆ ಮೊಟ್ಟೆ ಒಡೆದು ಹಾಕುವ ಕೆಲಸ, ಮಾತಾಡಿದರೆ ಸೋರುತ್ತದೆ.

"ಮನೂಬಿಯಾ, ಕೈ ತೊಳ್ಕೊಂಡು ಬಾ. ಮೊಟ್ಟೆ ಕೈಯಲ್ಲಿ ಕೇಳೋ ಮಾತಲ್ಲ ಇದು," ಅಂದಳು ಖಾಲ್ತಿ.

"ಹೇಳು ಜಲೀಲಾ. ಕಿವಿಗೇನು ಮೊಟ್ಟೆ ಅಂಟಿಲ್ಲ."

ಖಾಲ್ತಿ ಮಲಾಕ್‌ಳ ಫೋನನ್ನು ಮೇಜಿನ ಮೇಲೆ ಇಟ್ಟಳು. ಉಮ್ಮಿ ತುಟಿ ಆಡಿಸುತ್ತ ಓದಿದಳು. ಮತ್ತೊಮ್ಮೆ ಓದಿದಳು.

"ಇದೇನಿದು?"

"ಇದು ನಿಮ್ಮ ಸಿ ಶುಕ್ರಿ. ನೀವೆಲ್ಲ ಔಲಿಯಾ, ಸಂತ ಅಂತ ತಲೆ ಮೇಲೆ ಕೂರಿಸ್ಕೊಂಡಿದ್ರಲ್ಲ, ಅವನೇ. ದಿನಾ ಕೇಳ್ತಾನಂತೆ. ನನ್ನ ಮಗಳನ್ನ ಮಾತ್ರ ಅಲ್ಲ, ಎಲ್ಲರನ್ನೂ. ನಿನ್ನ ಮಗಳನ್ನ ಬಿಟ್ಟಿರ್ತಾನೆ ಅನ್ಕೊಂಡ್ಯಾ?"

ಒಬ್ಬಳಿಗೆ ಕಳಿಸಿದ್ದರೆ ಒಂದು ಅನುಮಾನ. ಎಲ್ಲರಿಗೂ ಕಳಿಸಿದ್ದರೆ ಇನ್ನೊಂದು. ನನ್ನ ಎದೆ ಹಗುರಾಗಲಿಲ್ಲ.

ಉಮ್ಮಿ ಶೀರಾಜ್‌ಳನ್ನು ಕರೆದಳು. "ನಿನಗೂ ಬರುತ್ತಾ?"

"ಬರುತ್ತೆ."

"ಏನಂತ ಉತ್ತರ ಕೊಡ್ತೀಯ?"

"ಉಪವಾಸ ಅಂತ."

"ಇಲ್ಲದ ದಿನ?"

"ಆಗಲೂ ಉಪವಾಸ ಅಂತ."

"ಕೇಳಿದ್ಯಾ?" ಅಂದಳು ಖಾಲ್ತಿ. "ಆಟ ಕಲೀತಾಳೋ ಇಲ್ವೋ, ಸುಳ್ಳಂತೂ ಕಲಿತಳು."

"ಮತ್ತೇನು ಹೇಳ್ಲಿ ಖಾಲ್ತಿ? ಇವತ್ತು ಇಲ್ಲ ಅಂತ ಬರೆದು ಕಳಿಸ್ಲಾ? ಅದನ್ನ ಅವರು ಓದ್ತಾರೆ. ನಾಳೆ ಅವರ ಮುಖ ನೋಡೋದು ಹೇಗೆ? ಅದಕ್ಕೇ ಉಪವಾಸ ಅಂತೀನಿ. ಅಂದಮೇಲೆ ಅವರೆದುರು ನೀರು ಕುಡಿಯೋ ಹಾಗೂ ಇಲ್ಲ."

"ಅದಕ್ಕೇ ನಾನು ಹೇಳೋದು. ಗಂಡಸು ಕಲಿಸೋ ಆಟ ನಮ್ಮ ಹೆಣ್ಮಕ್ಕಳಿಗೆ ಬೇಡ."

"ಹೆಂಗಸು ಕೋಚ್ ಎಲ್ಲಿದ್ದಾರೆ ಊರಲ್ಲಿ? ಹುಡುಕಿ ಕೊಡು, ನಾಳೆಯಿಂದ ಅಲ್ಲಿಗೇ ಹೋಗ್ತೀನಿ."

"ಬಾಯಿ ನೋಡು ಇವಳದ್ದು. ಅಕ್ಕನ ಪಾಲಿಂದೂ ಇವಳಿಗೇ ಬಂದಿದೆ."

"ಸಾಕು," ಅಂದಳು ಉಮ್ಮಿ. "ನಿಮ್ಮ ಬಾಬಾ ಕಿವಿಗೆ ಬೀಳೋ ಮುಂಚೆ ನಾವೇ ನಿಲ್ಲಿಸಿಬಿಡೋಣ. ಅವರಿಗೆ ಗೊತ್ತಾದ್ರೆ ಹಾಲ್‌ಗೇ ಹೋಗಿ ಜಗಳ ತೆಗೀತಾರೆ, ಊರೆಲ್ಲ ನಮ್ಮ ಮನೆ ಮಾತೇ ಆಗುತ್ತೆ. ನಾಳೆಯಿಂದ ಹೋಗೋದು ಬೇಡ ಶೀರಾಜ್. ಮುಗೀತು."

ಹಬ್ಬ ಕಳೆದ ಕೂಡಲೇ ಪ್ರಾಂತ್ಯದ ಕಿರಿಯರ ತಂಡದ ಆಯ್ಕೆ ಇತ್ತು. ಶೀರಾಜ್ ವರ್ಷವಿಡೀ ಅದೊಂದನ್ನೇ ಉಸಿರಾಡಿಕೊಂಡು ಇದ್ದವಳು. ಆಟದ ಚೀಲ ಬಿಚ್ಚಿ, ಮೊಣಕಾಲಿನ ಪಟ್ಟಿಗಳನ್ನು ತೆಗೆದು ತೊಳೆಯುವ ಬಟ್ಟೆಯ ಬುಟ್ಟಿಗೆ ಹಾಕಿ ಒಳಗೆ ಹೋದಳು.

ನಾನು ಹಿಂದೆಯೇ ಹೋದೆ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು.

"ನೀನು ಮೊದಲೇ ನೋಡಿದ್ದೆ ಅಲ್ವಾ, ಶೋರ್ಬಾ ಮಾಡೋವಾಗ?"

"ಹೂಂ."

"ಕೇಳಬಹುದಿತ್ತು."

ನಾನು ಅವಳ ಹೊದಿಕೆ ಎಳೆದು ಸರಿ ಮಾಡಿದೆ. ಅವಳು ಗೋಡೆ ನೋಡುತ್ತಲೇ ಅಂದಳು, "ಅವರು ಕೆಟ್ಟವರಲ್ಲ ಅನ್ಸುತ್ತೆ ಕಣೇ."

"ಅನ್ಸುತ್ತಾ, ಗೊತ್ತಾ?"

"ಅನ್ಸುತ್ತೆ."

ರೈಲು ನಿಲ್ದಾಣದ ಹತ್ತಿರದ ಚಿಕಿತ್ಸಾಲಯದಲ್ಲಿ ನನ್ನ ಶಾಲೆಯ ಗೆಳತಿ ಮುನ್ಯಾ ಕೆಲಸ ಮಾಡುತ್ತಾಳೆ. ಫಿಸಿಯೋಥೆರಪಿಸ್ಟ್. ಮೊದಲು ಅವಳೂ ಹ್ಯಾಂಡ್‌ಬಾಲ್ ಆಡಿದವಳೇ, ಮೊಣಕಾಲು ಕೈಕೊಟ್ಟ ಮೇಲೆ ಬೇರೆಯವರ ಮೊಣಕಾಲು ನೋಡಿಕೊಳ್ಳಲು ಕಲಿತಳು. ಅವಳ ಮುಂದೆ ಮಾತ್ರ ನನಗೆ ಮಾತು ಬರುತ್ತದೆ. ಎಲ್ಲ ಹೇಳಿದೆ. ಕೊನೆಗೆ ಕೇಳಿದೆ, "ಅವನು ಒಳ್ಳೆಯವನಾ, ಕೆಟ್ಟವನಾ?"

"ನನಗೆ ಗೊತ್ತಿಲ್ಲ. ನಿನಗೆ ಗೊತ್ತಾ?"

"ಇಲ್ಲ."

"ಶೀರಾಜ್‌ಗೆ?"

"ಒಳ್ಳೆಯವರು ಅನ್ಸುತ್ತೆ ಅಂತಾಳೆ."

"ಅಲ್ಲೇ ಇರೋದು ತೊಂದರೆ," ಅಂದಳು ಮುನ್ಯಾ. "ಮಾತೆಲ್ಲ ಮರೆಯಲ್ಲಿ ನಡೆದ್ರೆ ಉಳಿದವರು ಊಹೆ ಮಾಡ್ತಾ ಕೂರಬೇಕು. ಒಳ್ಳೆಯವನಾಗಿದ್ರೂ ಊಹೆ, ಕೆಟ್ಟವನಾಗಿದ್ರೂ ಊಹೆ."

"ಆದರೆ ಆ ಪ್ರಶ್ನೆ? ಅದನ್ನ ಕೇಳಬಹುದಾ?"

"ನೋಡು, ನೀರಿಲ್ಲದ ಮೈಯನ್ನ ಎಷ್ಟು ಓಡಿಸಬಹುದು ಅಂತ ಕೋಚ್‌ಗೆ ಗೊತ್ತಿರಲೇಬೇಕು. ಹೋದ ವರ್ಷ ಒಬ್ಬ ಹುಡುಗಿ ಅಲ್ಲೇ ತಲೆ ಸುತ್ತಿ ಬಿದ್ದಿದ್ದಳು. ಆದರೆ ಅವರಿಗೆ ಬೇಕಾಗಿರೋದು 'ಇವತ್ತು ಎಷ್ಟು ಆಗುತ್ತೆ' ಅನ್ನೋದು. 'ಯಾಕೆ ಆಗಲ್ಲ' ಅನ್ನೋದು ಅಲ್ಲ. ಎಷ್ಟು ಅಂತ ಎಲ್ಲರೆದುರೂ ಕೇಳಬಹುದು. ಯಾಕೆ ಅನ್ನೋದನ್ನ ಹುಡುಗಿ ಬೇಕಾದ್ರೆ ಹೇಳ್ತಾಳೆ, ಅದೂ ಹೆಂಗಸರ ಹತ್ರ."

"ಯಾರಿಗೂ ಗೊತ್ತಾಗೋದು ಬೇಡ ಅಂತ ಬರೆದಿದ್ದ."

ಮುನ್ಯಾ ಕೈಯಲ್ಲಿದ್ದ ಬ್ಯಾಂಡೇಜ್ ಸುರುಳಿಯನ್ನು ಕೆಳಗಿಟ್ಟಳು. "ಅದು ಒಳ್ಳೆಯವರೂ ಆಡಬಾರದ ಮಾತು ರಿಹಾಬ್. ಯಾಕೆ ಹೇಳು? ಒಳ್ಳೆಯವನೊಬ್ಬ ಅದನ್ನ ವಾಡಿಕೆ ಮಾಡಿಟ್ಟು ಹೋಗ್ತಾನೆ. ಕೋಚ್ ಅಂದ್ರೆ ಗುಟ್ಟಾಗಿ ಕೇಳ್ತಾರೆ, ಗುಟ್ಟಾಗಿ ಹೇಳಬೇಕು ಅಂತ ಹುಡುಗೀರಿಗೆ ಅಭ್ಯಾಸ ಆಗುತ್ತೆ. ನಾಳೆ ಕೆಟ್ಟವನೊಬ್ಬ ಬಂದ್ರೆ ಅವನು ಬಾಗಿಲು ಮುರೀಬೇಕಾಗಿಲ್ಲ. ತೆರೆದೇ ಇರುತ್ತೆ."

"ಹಾಗಾದ್ರೆ ಈಗ ಏನು ಮಾಡ್ಲಿ?" ಅಂದೆ.

"ಮೊದಲು ಶೀರಾಜ್ ಹತ್ರ ಕೂತು ಕೇಳು," ಅಂದಳು. "ಬೈಬೇಡ, ಬೆದರಿಸಬೇಡ. ಒಬ್ಬಳನ್ನೇ ಎಲ್ಲಿಗಾದ್ರೂ ಕರೆದಿದ್ದಾರಾ? ಬೇಡವಾದ ಕಡೆ ಮುಟ್ಟಿದ್ದಾರಾ? ಫೋಟೋ ಕೇಳಿದ್ದಾರಾ? ಇಲ್ಲ ಅಂದ್ರೆ ಆಟದಿಂದ ತೆಗೀತೀನಿ ಅಂದಿದ್ದಾರಾ? ಇದರಲ್ಲಿ ಒಂದಕ್ಕೆ ಹೌದು ಅಂದ್ರೂ ಹಾಲ್ ಕಡೆ ಹೋಗೋದೇ ಬೇಡ, ನೇರ ಮಕ್ಕಳ ರಕ್ಷಣಾ ಅಧಿಕಾರಿ ಹತ್ರ ಹೋಗೋಣ. ನಾನು ಜೊತೆಗೆ ಬರ್ತೀನಿ. ಎಲ್ಲದಕ್ಕೂ ಇಲ್ಲ ಅಂದ್ರೆ, ಅಮ್ಮಂದಿರನ್ನ ಕರ್ಕೊಂಡು ಕೋಚ್ ಎದುರು ಕೂರೋಣ."

ಅವತ್ತೇ ಶೀರಾಜ್‌ಳ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದೆ. ಒಂದೊಂದು ಪ್ರಶ್ನೆಗೂ ನನ್ನ ನಾಲಿಗೆ ತೊಡರುತ್ತಿತ್ತು. ಅವಳು ಎಲ್ಲದಕ್ಕೂ ಇಲ್ಲ ಅಂದಳು, ಕಿವಿ ಕೆರೆದುಕೊಳ್ಳದೆ. ಆದರೂ ನಾನು ಅವಳ ಕೈ ನೋಡುತ್ತಲೇ ಇದ್ದೆ. ಅನುಮಾನ ಒಮ್ಮೆ ಹೊಕ್ಕರೆ ಇಲ್ಲ ಅನ್ನುವ ಮಾತಿನೊಳಗೂ ಹೌದು ಹುಡುಕುತ್ತದೆ.

ಉಮ್ಮಿಯನ್ನು ಒಪ್ಪಿಸಲು ಮುನ್ಯಾಳೇ ಮನೆಗೆ ಬಂದಳು. ಖಾಲ್ತಿ ಜಲೀಲಾಳಿಗೆ ಯಾರು ಹೇಳಿದರೋ, ಅವಳೂ ಹಾಜರ್.

"ನಾಲ್ಕು ಜನರೆದುರು, ಗಂಡಸಿನ ಎದುರು, ಮುಟ್ಟಿನ ಮಾತಾಡೋದಾ?" ಅಂದಳು ಉಮ್ಮಿ. "ನನ್ನಿಂದಾಗಲ್ಲ ಮಗಳೇ."

"ಆ ಪದ ಎತ್ತೋದೇ ಬೇಡ ಖಾಲ್ತಿ ಮನೂಬಿಯಾ. ಕಾರ್ಖಾನೆಯಲ್ಲಿ ಮೇಲ್ವಿಚಾರಕ ಗಂಡಸಲ್ವಾ? ಆಗದ ದಿನ ಅವನಿಗೆ ಏನಂತೀರಿ?"

"ಇವತ್ತು ನಿಂತು ಮಾಡೋ ಕೆಲಸ ಆಗಲ್ಲ, ಕೂತು ಮಾಡೋದು ಕೊಡು ಅಂತೀನಿ."

"ಅವನು ಯಾಕೆ ಅಂತಾನಾ?"

"ಕೇಳಿದ್ರೆ ಕತ್ತರಿ ಅವನ ಕೈಗೇ ಕೊಡ್ತೀನಿ."

"ಅಷ್ಟೇ ನಾವು ಕೇಳ್ತಿರೋದು. ನಿಮಗೆ ಇರೋ ಆ ಧೈರ್ಯ ಶೀರಾಜ್‌ಗೂ ಬರ್ಲಿ."

ಖಾಲ್ತಿ ಮೂಗು ಮುರಿದಳು. "ಹೊಗೆ ಆಡೋ ಕಡೆ ಬೆಂಕಿ ಇದ್ದೇ ಇರುತ್ತೆ. ಮಾತಾಡಿ ಆರಿಸ್ತೀರಾ?"

"ಬೆಂಕಿನೋ ಅಡುಗೆ ಒಲೆನೋ ಅಂತ ಹತ್ರ ಹೋಗಿ ನೋಡೋಣ ಖಾಲ್ತಿ. ದೂರದಿಂದ ಎರಡೂ ಹೊಗೇನೇ."

"ಹಾಗಾದ್ರೆ ನಾನೂ ಬರ್ತೀನಿ," ಅಂದಳು ಖಾಲ್ತಿ, ತಲೆವಸ್ತ್ರ ಸರಿ ಮಾಡಿಕೊಳ್ಳುತ್ತ. "ನೀವೆಲ್ಲ ಮೆತ್ತಗಿನ ಜನ. ಒಬ್ಬಳಾದ್ರೂ ಗಟ್ಟಿ ಇರಬೇಕು."

ಹಾಲ್‌ನಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು ಕೂತೆವು. ಹುಡುಗಿಯರು ಒಂದು ಕಡೆ, ಅಮ್ಮಂದಿರು ಒಂದು ಕಡೆ. ಸಿ ಶುಕ್ರಿ ಕೂರಲಿಲ್ಲ. ಅವರ ಕುತ್ತಿಗೆ ಕೆಂಪಗಾಗಿತ್ತು.

"ಏನು ವಿಷಯ ಅಂತ ನನಗೆ ಗೊತ್ತು," ಅಂದರು. "ನನಗೂ ಹೆಣ್ಣುಮಕ್ಕಳಿದ್ದಾರೆ."

"ಎಲ್ಲ ಕೋಚೂ ಹಾಗೇ ಅಂತಾರೆ ಸಿ ಶುಕ್ರಿ," ಅಂದಳು ಮುನ್ಯಾ. "ಒಳ್ಳೆಯವರೂ ಅಂತಾರೆ, ಕೆಟ್ಟವರೂ ಅಂತಾರೆ. ಅದರಿಂದ ನಮಗೇನೂ ಗೊತ್ತಾಗಲ್ಲ. ನಡೆದದ್ದು ಹೇಳಿ."

ಅವರು ಹೇಳಿದರು. ಹೋದ ರಂಜಾನಿನಲ್ಲಿ ಆ ಹುಡುಗಿ ಬಿದ್ದ ಮೇಲೆ ಅವರಿಗೆ ನಿದ್ದೆ ಬಂದಿರಲಿಲ್ಲವಂತೆ. ಯಾರು ಉಪವಾಸ, ಯಾರು ಅಲ್ಲ ಎಂದು ಒಮ್ಮೆ ಎಲ್ಲರೆದುರು ಕೇಳಿದರಂತೆ. ಹುಡುಗಿಯರೆಲ್ಲ ನೆಲ ನೋಡಿದರು. ಸಂಜೆ ಒಬ್ಬಳ ಅಣ್ಣ ಮನೆ ಬಾಗಿಲಿಗೆ ಬಂದು ಕೊರಳಪಟ್ಟಿ ಹಿಡಿದ. "ಅದಕ್ಕೇ ಈ ಸಲ ಮರೆಯಲ್ಲಿ ಕೇಳಿದೆ. ನಿಮ್ಮ ಮಕ್ಕಳ ಮಾನ ಉಳಿಸೋಕೆ. ಎದುರಿಗೆ ಕೇಳಿದ್ರೂ ತಪ್ಪು, ಮರೆಯಲ್ಲಿ ಕೇಳಿದ್ರೂ ತಪ್ಪು. ಕೇಳದೆ ಓಡಿಸಿ ಇನ್ನೊಬ್ಬಳು ಬಿದ್ರೆ ಅದೂ ನನ್ನ ತಲೆಗೇ."

"ನಿನ್ನ ಹೆಂಡತಿಗೆ ಬಾಯಿಲ್ವಾ?" ಅಂದಳು ಖಾಲ್ತಿ ಜಲೀಲಾ. "ಅವಳ ಕೈಲಿ ಕೇಳಿಸಬಹುದಿತ್ತು. ನಮ್ಮಲ್ಲಿ ಯಾರನ್ನಾದ್ರೂ ಕರೀಬಹುದಿತ್ತು."

"ಹೊಳೀಲಿಲ್ಲ," ಅಂದರು ಸಿ ಶುಕ್ರಿ.

ಆಗ ಶೀರಾಜ್ ಎದ್ದು ನಿಂತಳು. "ನಿಮ್ಮ ಮೆಸೇಜ್ ಬಂದಾಗಲೆಲ್ಲ ಫೋನು ಬೋರಲು ಹಾಕ್ತಿದ್ದೆ ಸಿ ಶುಕ್ರಿ. ನೀವು ಒಳ್ಳೇದಕ್ಕೆ ಕೇಳ್ತಿದ್ದೀರೋ ಇಲ್ವೋ ನನಗೆ ಹೇಗೆ ಗೊತ್ತಾಗಬೇಕು? ಸುಳ್ಳು ಹೇಳಿ, ನೀರು ಕುಡೀದೆ ಓಡಿದೆ. ಮೊನ್ನೆ ಕಂಬ ಹಿಡ್ಕೊಂಡಾಗ ನೀವು ಹತ್ರ ಬಂದ್ರಿ. ನನಗೆ ಹೆದರಿಕೆ ಆಯ್ತು."

ಸಿ ಶುಕ್ರಿ ಕುರ್ಚಿ ಎಳೆದುಕೊಂಡು ಕೂತರು. ಅವಳು ಬೀಳಬಾರದೆಂದು ಕೇಳಿದ ಪ್ರಶ್ನೆಯೇ ಅವಳನ್ನು ಬೀಳಿಸುವುದರಲ್ಲಿತ್ತು. ಅದು ಅವರಿಗೆ ಆಗ ಅರ್ಥವಾಯಿತು ಅಂತ ಕಾಣುತ್ತದೆ. ಹಾಗೆ ಕಂಡಿತು, ಅಷ್ಟೇ. ಮುಖ ಬಾಡಿಸಿಕೊಳ್ಳುವುದು ಯಾರಿಗಾದರೂ ಬರುತ್ತದೆ ಎಂದು ನನ್ನೊಳಗಿನ ಅನುಮಾನ ಪಿಸುಗುಟ್ಟುತ್ತಲೇ ಇತ್ತು.

ಒಬ್ಬಳು ಬಾಯಿ ಬಿಟ್ಟಮೇಲೆ ಉಳಿದವರದ್ದೂ ಬಿಚ್ಚಿತು. "ನನ್ನನ್ನ ಕೂಸ್‌ಕೂಸ್ ಮೂಟೆ ಅಂತೀರಿ," ಅಂದಳು ಮಲಾಕ್. "ಎಲ್ಲರೂ ನಗ್ತಾರೆ. ನಾನೂ ನಗ್ತೀನಿ. ಮನೆಗೆ ಹೋಗಿ ಊಟ ಬಿಡ್ತೀನಿ."

"ಅದು ತಮಾಷೆ ಮಲಾಕ್," ಅಂದರು ಅವರು.

"ಚೆಂಡು ಬಿಟ್ಟಾಗ ಕೈ ನಿಧಾನ ಅಂತ ಬೈಯಿರಿ. ಅದನ್ನ ಸರಿ ಮಾಡ್ಕೋಬಹುದು. ಮೈ ಬಗ್ಗೆ ಯಾಕೆ?"

ಖಾಲ್ತಿ ಜಲೀಲಾ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. "ಇದಕ್ಕಾ ನೀನು ಉಣ್ಣದೇ ಏಳ್ತಿದ್ದದ್ದು?" ಅಂದಳು, ಮೆಲ್ಲಗೆ.

ಆಮೇಲಿನ ಮಾತು ಬೇಗ ಕೂಡಿಬಂತು. ಅಂಗಣದಲ್ಲಿ ಎರಡು ಸಾಲು. ಪೂರ್ತಿ ಓಡುವವರು ಒಂದು ಕಡೆ, ಇವತ್ತು ಹಗುರ ಸಾಕು ಅನ್ನುವವರು ಇನ್ನೊಂದು ಕಡೆ. ತಮ್ಮಷ್ಟಕ್ಕೆ ನಿಲ್ಲಬೇಕು, ಯಾಕೆ ಎಂದು ಯಾರೂ ಕೇಳಕೂಡದು. "ಎಲ್ಲರೂ ಸೋಮಾರಿತನಕ್ಕೆ ಹಗುರದ ಕಡೆ ನಿಂತ್ರೆ?" ಎಂದು ಸಿ ಶುಕ್ರಿ ಕೇಳಿದರು. "ಸೋಮಾರಿಗಳಾಗಿದ್ರೆ ಈ ಹೊತ್ತಲ್ಲಿ ಬಾಯಿ ಒಣಗಿಸ್ಕೊಂಡು ಇಲ್ಲಿಗೆ ಬರ್ತಿದ್ವಾ?" ಅಂದಳು ಶೀರಾಜ್. ಮೊದಲ ಸಲ ಯಾರೋ ನಕ್ಕರು. ಬಟ್ಟೆ ಬದಲಿಸುವ ಕೋಣೆಯಲ್ಲಿ ನೀರು ಇರಬೇಕು, ಅಲ್ಲಿ ಒಬ್ಬ ಹೆಂಗಸು ಇರಬೇಕು. ಕೋಚ್ ಯಾರಿಗೂ ಒಬ್ಬರಿಗೇ ಮೆಸೇಜ್ ಕಳಿಸುವಂತಿಲ್ಲ, ಏನಿದ್ದರೂ ಎಲ್ಲರ ಗುಂಪಿಗೆ, ಆ ಗುಂಪಿನಲ್ಲಿ ಅಮ್ಮಂದಿರೂ ಇರುತ್ತಾರೆ. ಒಬ್ಬಳ ಜೊತೆ ಮಾತಾಡಬೇಕಾದರೆ ಅಂಗಣದ ನಡುವೆ, ಎಲ್ಲರ ಕಣ್ಣೆದುರು. ಕೈ ಹಿಡಿದು ಎಸೆತ ತಿದ್ದುವ ಮುಂಚೆ ಹಿಡಿಯಲಾ ಎಂದು ಕೇಳಬೇಕು. ಬೇಡ ಅಂದರೆ ಅದು ಉದ್ಧಟತನವಲ್ಲ.

"ಇದೆಲ್ಲ ನನ್ನ ಮೇಲೆ ನಂಬಿಕೆ ಇಲ್ಲ ಅಂತಾನಾ?" ಎಂದು ಸಿ ಶುಕ್ರಿ ಕೇಳಿದರು.

"ನಂಬಿಕೆ ಬೆಳೀಲಿ ಅಂತ," ಅಂದಳು ಮುನ್ಯಾ. "ನಿಮಗೂ ಇದರಿಂದ ರಕ್ಷಣೆನೇ. ನಾಳೆ ಯಾರ ಅಣ್ಣನೂ ಕೊರಳಪಟ್ಟಿ ಹಿಡಿಯಲ್ಲ."

ಖಾಲ್ತಿ ಜಲೀಲಾ ಎದ್ದಳು. "ಮಲಾಕ್ ಬರ್ತಾಳೆ. ಆ ನೀರಿನ ಕೋಣೆಯಲ್ಲಿ ನಾನೇ ಕೂರ್ತೀನಿ. ಯಾರು ಕೂಸ್‌ಕೂಸ್ ಅಂತಾರೋ ಕೇಳೇಬಿಡ್ತೀನಿ."

ಉಮ್ಮಿ ಮಾತ್ರ ಇನ್ನೂ ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಶೀರಾಜ್ ಅವಳನ್ನೇ ನೋಡುತ್ತಿದ್ದಳು. ಉಮ್ಮಿ ನನ್ನ ಕಡೆ ತಿರುಗಿದಳು. "ರಿಹಾಬ್, ಮೊದಲಿಂದ ನೋಡ್ತಾ ಇರೋಳು ನೀನು. ನನಗೆ ತೋಚ್ತಾ ಇಲ್ಲ. ನೀನು ಏನಂತೀಯೋ ಅದೇ. ಬಾಬಾಗೂ ನಾನು ಅದನ್ನೇ ಹೇಳ್ತೀನಿ. ಶೀರಾಜ್ ಆಡಬೇಕಾ, ಬೇಡ್ವಾ?"

ಎಲ್ಲರೂ ನನ್ನತ್ತ ನೋಡಿದರು. ಎತ್ತಿಕೊಂಡು ಒಳಗೆ ಓಡಲು ಅಲ್ಲಿ ಖಾಲಿ ತಟ್ಟೆಯೂ ಇರಲಿಲ್ಲ.

ನಾನು ಏನು ಹೇಳಿದೆ ಎನ್ನುವ ಮುಂಚೆ, ಇದನ್ನು ಓದುತ್ತಿರುವ, ಯಾರೋ ಓದಿ ಹೇಳುವುದನ್ನು ಕೇಳುತ್ತಿರುವ ನಿಮಗೆ ಒಂದು ಮಾತು. ನಿಮ್ಮ ಮಗಳೋ ತಂಗಿಯೋ ಆಟಕ್ಕೆ ಹೋಗುತ್ತಿದ್ದರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವತ್ತೇ ಕೇಳಿ, ನಿನ್ನ ಕೋಚ್ ನಿನ್ನ ಜೊತೆ ಹೇಗೆ ಮಾತಾಡುತ್ತಾರೆ ಎಂದು. ಅವಳು ಹೇಳಿದ್ದಕ್ಕೆ ಮೊದಲ ಶಿಕ್ಷೆ ಅವಳಿಗೇ ಕೊಡಬೇಡಿ. ಆಟ ಬಿಡಿಸಿದರೆ ಮುಂದಿನ ಸಲ ಅವಳು ಬಾಯಿ ಬಿಡುವುದಿಲ್ಲ. ನೀವು ಕೋಚ್ ಆಗಿದ್ದರೆ, ಹುಡುಗಿಯ ಜೊತೆ ಆಡುವ ಪ್ರತಿ ಮಾತನ್ನೂ ಅವಳ ತಾಯಿ ಕೇಳಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೇ ಆಡಿ. ನೀನು ಆಟ ಆಡುವ ಹುಡುಗಿಯಾಗಿದ್ದರೆ, "ಇವತ್ತು ಇಷ್ಟು ಸಾಕು" ಅನ್ನುವುದನ್ನು ಕಲಿ, ಕಾರಣ ಕೊಡಬೇಕಾಗಿಲ್ಲ. "ಯಾರಿಗೂ ಹೇಳಬೇಡ" ಎಂದು ದೊಡ್ಡವರು ಯಾರೇ ಅಂದರೂ, ಎಷ್ಟೇ ಪ್ರೀತಿಯಿಂದ ಅಂದರೂ, ಅದನ್ನು ಅವತ್ತೇ ಒಬ್ಬರಿಗೆ ಹೇಳು. ಮತ್ತು ನನ್ನ ಹಾಗೆ ಎಲ್ಲ ಕಂಡೂ ಬಾಯಿ ಕಟ್ಟಿಕೊಂಡು ಕೂತವರು ಯಾರಾದರೂ ಇದ್ದರೆ, ಅನುಮಾನ ಬಂದದ್ದಕ್ಕೆ ನಾಚಬೇಡಿ. ಅದನ್ನು ಒಳಗೇ ಕೊಳೆಯಲು ಬಿಡಬೇಡಿ, ಅಷ್ಟೇ.

ನಾನು ಎದ್ದು ನಿಂತೆ. ಉಮ್ಮಿಗೆ ಹೇಳಬೇಕಾದ ಉತ್ತರವನ್ನು ಸಿ ಶುಕ್ರಿಯವರ ಮುಖ ನೋಡಿಕೊಂಡೇ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ.

"ನನಗೆ ನಿಮ್ಮ ಮೇಲೆ ಅನುಮಾನ ಇತ್ತು ಸಿ ಶುಕ್ರಿ. ಈಗಲೂ ಪೂರ್ತಿ ಹೋಗಿಲ್ಲ. ಶೀರಾಜ್ ಆಡ್ತಾಳೆ."